ಹಿಂದಿನ ಟೈರು

ನನ್ನ ಭಾವನ ಹತ್ತಿರ ಒಂದು ಕಾರಿತ್ತು. ಎರಡೇ ಸೀಟು, ತಲೆಯ ಮೇಲೆ ಕ್ಯಾನ್ವಾಸ್ ಬಟ್ಟೆ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಯುದ್ಧಕ್ಕೆ ಮುಂಚಿನ ಸ್ಪೋರ್ಟ್ಸ್ ಕಾರು. ದಂಡಿನಲ್ಲಿದ್ದ ಒಬ್ಬ ಬಿಳಿಯ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋಗಿದ್ದನ್ನು ಭಾವ ಕೊಂಡು, ಒಂದು ವರ್ಷದ ಭಾನುವಾರಗಳನ್ನೆಲ್ಲ ಅದರ ಕೆಳಗೆ ಮಲಗಿ ಕಳೆದು, ಓಡುವಂತೆ ಮಾಡಿದ್ದರು. ರಾಜಾಜಿನಗರದ ನಮ್ಮ ಬ್ಲಾಕಿನಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ರಸ್ತೆಗಳಿಗೆ ನಂಬರು ಬಿದ್ದಿತ್ತು, ಜನ ಇನ್ನೂ ಬಂದಿರಲಿಲ್ಲ. ಆ ಖಾಲಿ ರಸ್ತೆಗಳಲ್ಲಿ ನನ್ನ ಅಕ್ಕ ಕಾರು ಓಡಿಸುವುದನ್ನು ಕಲಿತಳು.

ಕಲಿತಳು ಅಂದರೆ ಸುಮ್ಮನೆ ಅಲ್ಲ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಚ್ಚಿ ಪಕ್ಕದಲ್ಲಿಟ್ಟು, ಬರಿಗಾಲಲ್ಲಿ ಪೆಡಲು ತುಳಿಯುತ್ತಿದ್ದಳು. ಗೇರು ಬದಲಾಯಿಸುವಾಗ ಭಾವ ಮಾಡುತ್ತಿದ್ದ ಕರ್ಕಶ ಸದ್ದು ಅವಳ ಕೈಯಲ್ಲಿ ಬರುತ್ತಿರಲಿಲ್ಲ. ಕುರುಬರಹಳ್ಳಿಯಿಂದ ಹಾಲು ತರುತ್ತಿದ್ದ ಮುದುಕಿ ದಾರಿ ಬದಿಗೆ ನಿಂತು ಇವಳು ಹೋಗುವುದನ್ನು ನೋಡಿ, ಕೊನೆಗೊಂದು ದಿನ, ನಮ್ಮ ಎತ್ತಿಗೂ ನಿನ್ನಂಥ ಕೈ ಬೇಕಿತ್ತು ಕಣವ್ವ ಅಂದಿದ್ದಳು. ಅಕ್ಕ ಅದನ್ನು ವಾರವಿಡೀ ಹೇಳಿಕೊಂಡು ನಕ್ಕಳು. ಲೈಸೆನ್ಸೂ ಬಂತು.

ನಾನು ಆ ಮನೆಯಲ್ಲಿ ಇದ್ದದ್ದು ಯಾಕೆಂದರೆ ನನಗೆ ಬೇರೆಲ್ಲೂ ಕೆಲಸವಿರಲಿಲ್ಲ. ಇಂಟರ್‌ಮೀಡಿಯೆಟ್‌ನಲ್ಲಿ ಒಂದು ಸಲ ಡುಮ್ಕಿ ಹೊಡೆದು, ಎರಡನೇ ಸಲ ಹೇಗೋ ಪಾಸಾಗಿ, ಅಕ್ಕನ ಕೈಯ ಊಟ ಮಾಡಿಕೊಂಡು, ಭಾವ ತಮ್ಮ ಕಾರ್ಖಾನೆಯಲ್ಲಿ ಸೇರಿಸುತ್ತಾರೆ ಎಂದು ಕಾಯುತ್ತಿದ್ದೆ. ಸೇರಿಸುವುದು ಅವರ ಒಂದು ಮಾತಿನಲ್ಲಿತ್ತು. ಅಂಥ ಸ್ಥಿತಿಯಲ್ಲಿರುವವನು ವಿನಯವಾಗಿರಬೇಕು. ನಾನು ಇರಲಿಲ್ಲ. ಕಾರಿನ ವಿಷಯ ಬಂದರೆ ನನಗೇ ಎಲ್ಲ ಗೊತ್ತು ಅನ್ನುವ ಧಿಮಾಕು ಬೇರೆ.

ಆ ವರ್ಷ ಅಕ್ಕನಿಗೆ ಕೆಂಗೇರಿಯ ಒಂದು ಶಾಲೆಯಿಂದ ಪತ್ರ ಬಂತು. ಬಿ.ಎ. ಮುಗಿಸಿ, ಟೀಚರ್ ಟ್ರೇನಿಂಗ್ ಮಾಡಿ, ಮದುವೆಯಾಗಿ ನಾಲ್ಕು ವರ್ಷ ಮನೆಯಲ್ಲಿದ್ದವಳು. ದಸರಾ ರಜೆ ಮುಗಿದು ದೀಪಾವಳಿ ಕಳೆದ ಮೇಲೆ ಬಂದು ಸೇರಬಹುದು ಎಂದಿತ್ತು. ತೊಂದರೆ ಅಂದರೆ ಹೋಗಿಬರುವುದು. ಬಸ್ಸು ಎರಡು ಕಡೆ ಬದಲಾಯಿಸಬೇಕು, ರೈಲಿನ ಹೊತ್ತು ಶಾಲೆಯ ಹೊತ್ತಿಗೆ ಹೊಂದುತ್ತಿರಲಿಲ್ಲ. ಭಾವನ ತಾಯಿ, ಕೆಟ್ಟವರಲ್ಲ, ಹೆದರಿಕೆಯವರು, ಹೆಣ್ಣುಮಕ್ಕಳು ಅಷ್ಟು ದೂರ ಹೇಗೆ ಅಂದರು. ಭಾವ ಊಟದೆಲೆಯ ಮುಂದೆ ಕೂತೇ ಅದಕ್ಕೊಂದು ದಾರಿ ಹೇಳಿದರು. "ಕಾರಲ್ಲಿ ಒಂದ್ಸಲ ಕೆಂಗೇರಿಗೆ ಹೋಗಿ ಬಂದು ತೋರ್ಸು. ಆಮೇಲೆ ಯಾರೇನಂತಾರೋ ನಾನು ನೋಡ್ಕೋತೀನಿ."

ಅವತ್ತು ಅಕ್ಕ ಸಾರು ಬಡಿಸುವಾಗ ನನಗೆ ಎರಡು ಸಲ ಬಡಿಸಿದ್ದು ಅವಳಿಗೇ ಗೊತ್ತಾಗಲಿಲ್ಲ.

ಆದರೆ ಕಾರಿನ ಟೈರುಗಳು ಬೋಳಾಗಿದ್ದವು. ನಾಲ್ಕೂ. ಬೆರಳಾಡಿಸಿದರೆ ಗೀರು ಸಿಗುತ್ತಿರಲಿಲ್ಲ, ಕೆಲವು ಕಡೆ ರಬ್ಬರಿನ ಕೆಳಗಿನ ದಾರ ಕಾಣುತ್ತಿತ್ತು. ಭಾವ ನನ್ನನ್ನು ಕರೆದುಕೊಂಡು ಕಲಾಸಿಪಾಳ್ಯದ ಟೈರ್ ಅಂಗಡಿಗಳನ್ನು ಸುತ್ತಿದರು. ಎತ್ತರದ, ಸಣಕಲು, ತಂತಿ ಕಡ್ಡಿಯ ಚಕ್ರಗಳು. ಈ ಸೈಜು ಈಗ ಬರಲ್ಲ ಸಾರ್ ಎಂದು ಎಲ್ಲರೂ ಅಂದರು. ಒಬ್ಬ ಸ್ವಲ್ಪ ದಪ್ಪದ್ದು ತೋರಿಸಿದ, ಅದು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಇನ್ನೊಬ್ಬ ಹಳೆಯ ಟೈರಿಗೆ ಹೊಸ ರಬ್ಬರು ಅಂಟಿಸಿದ್ದನ್ನು ತೋರಿಸಿದ. ಭಾವ ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳಿ, ಬೇಡ ಅಂದರು. ಮತ್ತೊಂದು ಅಂಗಡಿಯಲ್ಲಿ ಕಾಗದ ಸುತ್ತಿದ ಹೊಚ್ಚ ಹೊಸ ಟೈರೇ ಇತ್ತು. ನಾನು ಸಿಕ್ಕಿತಲ್ಲ ಎಂದು ಹಿಗ್ಗಿದೆ. ಭಾವ ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಒತ್ತಿದರು. ಉಗುರು ಇಳಿಯಲಿಲ್ಲ. ಪಕ್ಕವನ್ನು ಬಗ್ಗಿಸಿದಾಗ ಸಣ್ಣ ಸಣ್ಣ ಬಿರುಕು ಬಾಯಿ ಬಿಟ್ಟವು. ಓಡದೇ ಮುದಿಯಾಗಿದೆ ಇದು ಎಂದು ಕೆಳಗಿಟ್ಟರು. ಕೊನೆಗೆ ಒಬ್ಬ ವಯಸ್ಸಾದ ಸಾಬರು, ಮದ್ರಾಸಿಗೆ ಬರೆದು ನೋಡ್ತೀನಿ, ಸಿಕ್ಕರೆ ಎರಡು ಸಿಗಬಹುದು ಅಂದರು.

ಟೈರು ಬರುವಷ್ಟರಲ್ಲಿ ಭಾವನನ್ನು ಕಾರ್ಖಾನೆಯವರು ಮೂರು ತಿಂಗಳ ತರಬೇತಿಗೆ ಬೊಂಬಾಯಿಗೆ ಕಳಿಸಿದರು. ಎರಡು ಟೈರು ಬಂದಿದೆ ಎಂದು ಸಾಬರು ಹೇಳಿಕಳಿಸಿದಾಗ ನಾನು ಭಾವನಿಗೆ ಬರೆದೆ. ಅವರ ಉತ್ತರ ಒಂದು ಕಾರ್ಡಿನಲ್ಲಿ ಬಂತು. ಅದರ ಮೂರು ಸಾಲು ನನಗೆ ಇವತ್ತಿಗೂ ಬಾಯಿಪಾಠ.

"ಎರಡನ್ನೂ ಬಿಡಬೇಡ. ಹಿಂದಿನದು ತೆಗೆಸಿ ಹಾಕಿಸು. ಮುಂದಿನದು ನಾನು ಬಂದ ಮೇಲೆ ನೋಡೋಣ."

ನಮ್ಮ ಕನ್ನಡದಲ್ಲಿ ಹಿಂದಿನದು ಅಂದರೆ ಹಿಂಬದಿಯದೂ ಹೌದು, ಮೊದಲಿದ್ದ ಹಳೆಯದೂ ಹೌದು. ಮುಂದಿನದು ಅಂದರೆ ಮುಂಭಾಗದ್ದೂ ಹೌದು, ಇನ್ನು ಮೇಲೆ ಆಗಬೇಕಾದದ್ದೂ ಹೌದು. ಭಾವ ಬರೆದದ್ದು ಕಾರಿನ ಹಿಂದು ಮುಂದಿನ ಮಾತು. ನಾನು ಓದಿದ್ದು, ಹಳೆಯದನ್ನು ತೆಗೆಸಿ ಹೊಸದು ಹಾಕಿಸು, ಮಿಕ್ಕ ವಿಚಾರ ಆಮೇಲೆ ಎಂದು. ಯಾವ ಕಡೆಗೆ ಎಂದು ಬರೆದೇ ಇಲ್ಲ, ಅಂದರೆ ನನ್ನ ಬುದ್ಧಿಗೆ ಬಿಟ್ಟಿದ್ದಾರೆ ಅಂದುಕೊಂಡೆ.

ನನ್ನ ಬುದ್ಧಿ ಮುಂದಕ್ಕೆ ಅಂದಿತು. ಎರಡು ದಿನದಲ್ಲಿ ಆಯುಧಪೂಜೆ. ಕಾರಿಗೆ ಪೂಜೆ ಮಾಡುವುದು ಮುಂಭಾಗಕ್ಕೆ, ನಿಂಬೆಹಣ್ಣು ಇಡುವುದು ಮುಂದಿನ ಚಕ್ರದ ಕೆಳಗೆ. ನೋಡುವವರ ಕಣ್ಣಿಗೆ ಬೀಳುವುದೂ ಅದೇ. ಹೊಸದು ಹಿಂದೆ ಮಡ್‌ಗಾರ್ಡಿನ ಮರೆಯಲ್ಲಿ ಕೂತು, ಬೋಳು ಟೈರಿಗೆ ಅರಿಶಿನ ಕುಂಕುಮ ಹಚ್ಚುವುದೆಂದರೆ, ಹೊಸ ಅಳಿಯನನ್ನು ಹಿತ್ತಲಲ್ಲಿ ಕೂರಿಸಿ ಆಳಿಗೆ ಆರತಿ ಎತ್ತಿದ ಹಾಗಾಗುತ್ತದೆ ಅನ್ನಿಸಿತು. ಮುಂದಿನ ಎರಡು ಚಕ್ರ ಕಳಚಿ, ಜಟಕಾದಲ್ಲಿ ಹಾಕಿಕೊಂಡು, ಕಲಾಸಿಪಾಳ್ಯಕ್ಕೆ ಹೋದೆ.

ಕಾರ್ಡು ಒಂದೇ ಆಗಿದ್ದರೆ ನನ್ನನ್ನು ನಾನು ಎಂದೋ ಕ್ಷಮಿಸಿಕೊಳ್ಳುತ್ತಿದ್ದೆ. ಹೊಸ ಟೈರು ಹಾಕಿ ಗಾಳಿ ತುಂಬಿಸಿದ ಮೇಲೆ ಸಾಬರು ಇದು ಯಾವ ಕಡೆಯ ಚಕ್ರ ಎಂದು ಕೇಳಿದರು. ಮುಂದಿನದು ಅಂದೆ. ಅವರು ಕೈ ಒರೆಸಿಕೊಳ್ಳುತ್ತ ಹೇಳಿದರು. "ಮನೆಗೆ ಹೋಗಿ ಇವನ್ನ ಹಿಂದಕ್ಕೆ ಹಾಕ್ಕೊಳ್ಳಿ ಸಾರ್. ಮುಂದೆ ಜಾರಿದ್ರೆ ಕೈಗೆ ಗೊತ್ತಾಗ್ತದೆ. ಹಿಂದೆ ಜಾರಿದ್ರೆ ಗೊತ್ತಾಗೋದ್ರೊಳಗೆ ಮುಗೀತದೆ."

ನಾಲ್ಕು ಚಕ್ರಗಳೂ ಒಂದೇ ಅಳತೆ. ಅದಲು ಬದಲು ಮಾಡಲು ಅರ್ಧ ಗಂಟೆ ಸಾಕಿತ್ತು. ದಾರಿಯುದ್ದಕ್ಕೂ ಜಟಕಾದಲ್ಲಿ ಚಕ್ರ ಹಿಡಿದು ಕೂತು ಅದನ್ನೇ ಯೋಚಿಸಿದೆ. ಕಾರ್ಡಿನ ಸಾಲಿಗೆ ಇನ್ನೊಂದು ಅರ್ಥವಿರಬಹುದು ಎಂಬುದೂ ಒಂದು ಕ್ಷಣ ಹೊಳೆಯಿತು. ಮನೆ ಮುಟ್ಟಿದಾಗ ಹಸಿವಾಗಿತ್ತು, ಜಾಕಿ ಮುಂದೆಯೇ ಏರಿಸಿಟ್ಟಿತ್ತು. ಹೇಗೆ ಬಂದವೋ ಹಾಗೇ ಮುಂದಕ್ಕೇ ತಿರುಗಿಸಿ ಬಿಗಿದೆ. ಪೂಜೆ ಆಗಲಿ, ಆಮೇಲೆ ನೋಡೋಣ ಅಂದುಕೊಂಡೆ. ಸೋಮಾರಿಗೆ ಆಮೇಲೆ ಅನ್ನುವಷ್ಟು ಒಳ್ಳೆಯ ದಿನ ಇನ್ನೊಂದಿಲ್ಲ.

ಆಯುಧಪೂಜೆ ಚೆನ್ನಾಗಿಯೇ ಆಯಿತು. ಅಕ್ಕ ಕಾರಿಗೆ ಸೇವಂತಿಗೆ ಹಾರ ಹಾಕಿದಳು. ಹೊಸ ಟೈರಿನ ಗೀರುಗಳಲ್ಲಿ ಕುಂಕುಮ ಎಷ್ಟು ಚೆನ್ನಾಗಿ ನಿಲ್ಲುತ್ತೆ ನೋಡು ಎಂದು ನನ್ನನ್ನು ಕರೆದು ತೋರಿಸಿದಳು. ನಿಂಬೆಹಣ್ಣನ್ನು ಅವಳೇ ಇಟ್ಟು, ಅವಳೇ ಕಾರು ಹತ್ತಿ ಅವುಗಳ ಮೇಲೆ ಹಾಯಿಸಿದಳು. ಭಾವನ ತಾಯಿಯೂ ಬಾಗಿಲಲ್ಲಿ ನಿಂತು ನೋಡಿದರು.

ಮಾರನೆಯ ದಿನ ವಿಜಯದಶಮಿ, ಒಳ್ಳೆಯ ದಿನ. ಕೆಂಗೇರಿಗೆ ಹೋಗಿ ಹೆಡ್‌ಮಾಸ್ತರರನ್ನು ಅವರ ಮನೆಯಲ್ಲಿ ಕಂಡು ಬರುವುದೆಂದು ಅಕ್ಕ ಹೊರಟಳು, ಪಕ್ಕದ ಸೀಟಿನಲ್ಲಿ ನಾನು. ಚಿತ್ತೆ ಮಳೆ ಬೆಳಿಗ್ಗೆ ಬಂದು ನಿಂತಿತ್ತು. ಮೈಸೂರು ರಸ್ತೆ ಸೇರಿದ ಮೇಲೆ ಅಕ್ಕನ ಮುಖ ನೋಡಿದೆ. ಪರೀಕ್ಷೆ ಬರೆಯುವಾಗ ಉತ್ತರ ಗೊತ್ತಿರುವವರ ಮುಖ ಇರುತ್ತದಲ್ಲ, ಹಾಗಿತ್ತು. ಮಕ್ಕಳಿಗೆ ಮೊದಲ ದಿನ ಯಾವ ಪಾಠ ಮಾಡಲಿ ಎಂದು ನನ್ನನ್ನು ಕೇಳಿದಳು. ಡುಮ್ಕಿ ಹೊಡೆದವನನ್ನು ಕೇಳ್ತೀಯಲ್ಲ ಅಂದೆ. ನಕ್ಕಳು.

ಕೆಂಗೇರಿ ಇನ್ನೊಂದು ಮೈಲಿ ಇರುವಾಗ ಒಂದು ತಿರುವು. ತಿರುವಿನಾಚೆ ಎತ್ತಿನ ಗಾಡಿ. ಅಕ್ಕ ಹೆದರಲಿಲ್ಲ, ಗಡಿಬಿಡಿ ಮಾಡಲಿಲ್ಲ. ಯಾರಾದರೂ ಒತ್ತುವಷ್ಟೇ ಮೆಲ್ಲಗೆ ಬ್ರೇಕು ಒತ್ತಿದಳು. ಕಾರಿನ ಮೂತಿ ಹೇಳಿದ ಮಾತು ಕೇಳಿತು, ಬಾಲ ಕೇಳಲಿಲ್ಲ. ಹಿಂಭಾಗ ಒದ್ದೆ ರಸ್ತೆಯ ಮೇಲೆ ಸುಮ್ಮನೆ ಪಕ್ಕಕ್ಕೆ ಹೋಯಿತು, ಕಾರು ಪೂರ್ತಿ ತಿರುಗಿ, ರಸ್ತೆ ಬದಿಯ ಹಳ್ಳಕ್ಕೆ ಇಳಿದು, ಹುಣಸೆ ಮರಕ್ಕೆ ಒರಗಿ ನಿಂತಿತು. ನನಗೆ ಒಂದು ಗೀರೂ ಆಗಲಿಲ್ಲ. ಅಕ್ಕನ ಬಲಗೈ ಮಣಿಕಟ್ಟು ಮುರಿದಿತ್ತು.

ಗಾಡಿಯವನೂ ಹೊಲದಲ್ಲಿದ್ದವರೂ ಓಡಿ ಬಂದರು. ಮೊದಲು ಬಂದವನು ಎರಡನೆಯವನಿಗೆ ಹೇಳಿದ ಮಾತು, ಹೆಂಗಸು ಓಡಿಸ್ತಿದ್ದಿದ್ದು ಕಣೋ. ಅಕ್ಕ ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನನಗೆ ಹೇಳಿದಳು, ಯಾರೋ ಹಿಂದಿನಿಂದ ಎಳೆದ ಹಾಗಾಯ್ತು ಕಣೋ. ನಾನು ಹಿಂದಿನ ಚಕ್ರ ನೋಡಿದೆ. ಕೆಸರಿನ ನಡುವೆ ಟೈರಿನ ಬಿಳಿ ದಾರ ಕಾಣುತ್ತಿತ್ತು. ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ.

ಭಾವ ಬಂದದ್ದು ದೀಪಾವಳಿಯ ಹಿಂದಿನ ದಿನ. ಮೊದಲು ಅಕ್ಕನ ಕೈ ನೋಡಿದರು, ಆಮೇಲೆ ಮೈಸೂರು ರಸ್ತೆಯ ಗ್ಯಾರೇಜಿಗೆ ಹೋಗಿ ಕಾರು ನೋಡಿದರು. ಗ್ಯಾರೇಜಿನವರು ನಾಲ್ಕೂ ಚಕ್ರ ಕಳಚಿ ಗೋಡೆಗೆ ಒರಗಿಸಿದ್ದರು. ಯಾವುದು ಎಲ್ಲಿತ್ತೆಂದು ಹೇಳುವಂತಿರಲಿಲ್ಲ. ಸಂಜೆ ಜಗಲಿಯಲ್ಲಿ ಕಾಫಿ ಕುಡಿಯುತ್ತ ಭಾವ ನನ್ನನ್ನು ಕರೆದರು. ಒಳಬಾಗಿಲಲ್ಲಿ ಅಕ್ಕ, ಕೈಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದಳು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅವಳ ಪರವಾಗಿ ಒಂದು ಕಾರಣ ಹುಡುಕುತ್ತಿದ್ದರು, ಅದು ನನಗೆ ಚೆನ್ನಾಗಿ ತಿಳಿಯಿತು.

"ಹಿಂದಿಂದು ಜಾರ್ತು ಅಂತಾಳೆ. ನಾನು ಬರ್ದಿದ್ನಲ್ಲ, ಹಿಂದಿನದು ತೆಗ್ಸಿದ್ಯೋ ಇಲ್ವೋ?"

"ತೆಗ್ಸಿದೆ ಭಾವ," ಅಂದೆ.

ಸುಳ್ಳಲ್ಲ. ಹಿಂದಿನದು, ಅಂದರೆ ಮೊದಲಿದ್ದದ್ದು, ತೆಗೆಸಿದ್ದೆನಲ್ಲ. ಒಂದೇ ಮಾತು ಎರಡು ಅರ್ಥ ಹೊತ್ತಿದೆ ಎಂದು ಗೊತ್ತಿದ್ದೂ, ನನಗೆ ಬೇಕಾದ ಅರ್ಥದ ಮರೆಯಲ್ಲಿ ಕೂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನದು ಎರಡೂ ಒಟ್ಟಿಗೇ ಹೋಯಿತು.

ಭಾವ ಲೋಟ ಕೆಳಗಿಟ್ಟರು. ಹಾಗಾದ್ರೆ ಬ್ರೇಕು ತುಳಿದದ್ದೇ ತಪ್ಪು ಅಂದರು, ತಮಗೇ ಹೇಳಿಕೊಳ್ಳುವಂತೆ. ಅಕ್ಕನ ಕಡೆ ತಿರುಗಿ, ಹೋಗ್ಲಿ ಬಿಡು, ಗಾಡಿ ಎಲ್ಲರ ಕೈಗೂ ಒಗ್ಗಲ್ಲ ಅಂದರು. ಬೈದಿದ್ದರೆ ಅವಳು ಎದುರು ಮಾತಾಡುತ್ತಿದ್ದಳೇನೋ. ಅಷ್ಟು ಮೃದುವಾಗಿ ಹೇಳಿದ್ದಕ್ಕೆ ಏನು ಉತ್ತರ ಕೊಡುವುದು. ಒಳಗೆ ಹೋದಳು.

ಕೆಂಗೇರಿಯ ಕೆಲಸ ಬೇರೆಯವರಿಗೆ ಹೋಯಿತು. ಕಾರನ್ನು ಯಾರೋ ಕೊಂಡರು. ಸಂಕ್ರಾಂತಿ ಕಳೆದು ನಾನು ಭಾವನ ಕಾರ್ಖಾನೆಗೆ ಸೇರಿದೆ, ರಿಟೈರಾಗುವ ತನಕ ಅಲ್ಲೇ ಇದ್ದೆ. ಅಕ್ಕ ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಮನೆಯಲ್ಲಿ ಆಮೇಲೆ ಎಷ್ಟೋ ಕಾರು ಬಂದವು, ಮಗನದು, ಅಳಿಯನದು, ಮೊಮ್ಮಗಳದು. ಎಲ್ಲದರಲ್ಲೂ ಅವಳು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಕಾರು ಜೋರಾಗಿ ಹೋದರೆ ಭಾವ ಮುಂದಿನಿಂದ ತಿರುಗಿ, ಹೆದರ್ಕೋಬೇಡ ಅನ್ನುತ್ತಿದ್ದರು. ಅವಳಿಗೆ ಹೆದರಿಕೆ ಇದ್ದದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಆದರೂ ಅವರು ಹಾಗೆ ಅಂದಾಗಲೆಲ್ಲ ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಭಾವ ತೀರಿಕೊಂಡ ಮರುವರ್ಷದ ಆಯುಧಪೂಜೆಗೆ ಅಕ್ಕನ ಮನೆಗೆ ಹೋಗಿದ್ದೆ. ಮೊಮ್ಮಗಳು ತನ್ನ ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಳು. ಅಕ್ಕ ಕುರ್ಚಿಯಲ್ಲಿ ಕೂತು, ಹಾಗಲ್ಲ, ಸರಿಯಾಗಿ ನಡುವಿಗೆ ಇಡು ಎಂದು ಹೇಳಿಕೊಡುತ್ತಿದ್ದಳು. ಇನ್ನು ತಡೆಯಲು ಆಗಲಿಲ್ಲ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಕಾರ್ಡಿನ ಸಾಲು, ಸಾಬರ ಮಾತು, ಜಗಲಿಯಲ್ಲಿ ನಾನು ಕೊಟ್ಟ ಉತ್ತರ. ಹೇಳುವಾಗ ಅಳು ಬಂತು, ಮುಚ್ಚಿಡಲಿಲ್ಲ.

ಅಕ್ಕ ಮೊಮ್ಮಗಳ ಕಡೆ ನೋಡುತ್ತಲೇ ಇದ್ದಳು. ಆಮೇಲೆ ಅಂದಳು, ಆ ಹೊಸ ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟೋಳು ನಾನೇ ಅಲ್ವೇನೋ ಎಂದು.

ಇಷ್ಟು ವರ್ಷ ಅದು ನನ್ನ ತಲೆಗೇ ಹೋಗಿರಲಿಲ್ಲ. ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಿನ್ನ ಕೆಲಸ ಆಗ್ಬೇಕಿತ್ತಲ್ಲ ಅಂದಳು. ಆಮೇಲಾದರೂ, ನನಗೆ ಕೆಲಸ ಸಿಕ್ಕ ಮೇಲಾದರೂ ಅಂದೆ. ನೀನೇ ಹೇಳ್ತೀಯ ಅಂದ್ಕೊಂಡಿದ್ದೆ ಅಂದಳು. ನಾನು ಅವಳ ಕೈ ಹಿಡಿದುಕೊಂಡೆ. ಮಣಿಕಟ್ಟಿನ ಮೂಳೆ ಕೂಡಿದ ಜಾಗ ಇನ್ನೂ ಸ್ವಲ್ಪ ಉಬ್ಬಿತ್ತು. ತಪ್ಪಾಯ್ತು ಅಕ್ಕ ಅಂದೆ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ನನ್ನ ಮುಖವನ್ನೂ ನೋಡಲಿಲ್ಲ.

"ನನಗ್ಯಾಕೋ ಹೇಳ್ತೀಯ," ಅಂದಳು. "ನನಗೆ ಗೊತ್ತಿತ್ತು. ಅವರಿಗೆ ಹೇಳ್ಬೇಕಿತ್ತು. ನನಗೆ ಗಾಡಿ ಓಡ್ಸಕ್ಕೆ ಬರಲ್ಲ ಅಂದ್ಕೊಂಡೇ ಹೋದ್ರು."