ಆಪಾಳ ಸ್ವಂತ ರಕ್ತ

ಮೊನ್ನೆ ಕೊರಟಗೆರೆಯ ನಮ್ಮ ಮನೆಯಲ್ಲಿ ಅತ್ತೆ ಬೀಟ್ರೂಟ್ ಬೇಯಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ನೆತ್ತಿಗೇರಿತು. ಪಾಪ, ಅತ್ತೆಯದೇನು ತಪ್ಪು... ನೆನಪಾದದ್ದು ಶಿರಾದ ನನ್ನ ತವರಿನ ಪಕ್ಕದ ಮನೆಯ ಆಪಾ; ಅವರ ಮನೆಮಾತಿನಲ್ಲಿ ಅಕ್ಕ ಎಂದರ್ಥ, ಬೀದಿಗೆಲ್ಲ ಅದೇ ಅವಳ ಹೆಸರು.

ಹುಟ್ಟಿನಿಂದ ಅವಳಿಗೆ ಥಲಸ್ಸೇಮಿಯಾ. ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟುತ್ತಿರಲಿಲ್ಲ; ತಿಂಗಳು ತಿಂಗಳೂ ತುಮಕೂರಿಗೆ ಹೋಗಿ ಯಾರದ್ದೋ ರಕ್ತ ಏರಿಸಿಕೊಂಡು ಬರಬೇಕು. ಬಂದವಳೇ ಮಿಷನ್ ಮುಂದೆ ಕೂತು ಬೀದಿಯವರ ರವಿಕೆ ಹೊಲಿಯುವಳು.

"ಜಿಲ್ಲೆ ಜನ ಎಲ್ಲಾ ನನ್ನ ಮೈಯಾಗವ್ರೆ ಕಣೇ. ಈ ಸಲ ಕೋಪ ಜಾಸ್ತಿ ಬತ್ತೈತೆ, ಯಾರೋ ಪೊಲೀಸ್ನೋರು ಕೊಟ್ಟಿರ್ಬೇಕು," ಎಂದು ನಗುವಳು.

ನಮ್ಮ ಬೀದಿಯ ಹೆಂಗಸರಿಗೆ ಗೊತ್ತಿದ್ದ ಮದ್ದು ಒಂದೇ. ರಕ್ತ ಕಡಿಮೆಯೇ, ಬೀಟ್ರೂಟ್ ತಿನ್ನು. ಆಪಾ ಆಸ್ಪತ್ರೆಯಿಂದ ಬಂದಳೆಂದರೆ ಮನೆಮನೆಯಿಂದ ಪಲ್ಯದ ಬಟ್ಟಲು ಹೊರಡುತ್ತಿತ್ತು. ಹಾಗಾಗಿ ಒಂದು ಸಲ ಅವಳಿಗೆ ಮೂತ್ರ ಕೆಂಪಗೆ ಹೋದಾಗ ಯಾರೂ ಬೆಚ್ಚಲಿಲ್ಲ. "ಬೀಟ್ರೂಟ್ ಕಣಮ್ಮ, ಅಂಗೇ ಆಗೋದು," ಎಂದುಬಿಟ್ಟರು. ಚಳಿ, ನಡುಕ, ಸೊಂಟ ಸೀಳುವ ನೋವು... ಆಸ್ಪತ್ರೆಯಲ್ಲಿ ಹೇಳಿದರೆ ನರ್ಸಮ್ಮ ಗದರಿದಳು: "ಗ್ರೂಪ್ ಮ್ಯಾಚ್ ಆಗೈತೆ. ಸುಮ್ನೆ ನಾಟಕ ಆಡ್ಬೇಡ."

ನಾಟಕವಂತೆ! ಮೈಯೊಳಗೆ ಒಡೆದು ಮೂತ್ರದಲ್ಲಿ ಕೆಂಪಗೆ ಹೋಗುತ್ತಿದ್ದದ್ದು ಅವರೇ ಹಾಕಿದ್ದ ರಕ್ತ.

ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು ಬಿಡಿಸಿ ಹೇಳಿದರು. ಎ, ಬಿ, ಓ ಅಷ್ಟೇ ಅಲ್ಲ, ರಕ್ತದಲ್ಲಿ ಇನ್ನೂ ಎಷ್ಟೋ ಗುಂಪುಗಳಿವೆಯಂತೆ. ಹೊಂದದ್ದನ್ನು ಹಾಕುತ್ತಾ ಹೋದರೆ ಮೈ ಅದನ್ನು ಒಡೆದುಹಾಕುತ್ತದೆ. ಊರವರ ರಕ್ತವೆಲ್ಲ ಬೆರೆತಿದ್ದರಿಂದ ಅವಳ ಸ್ವಂತದ್ದು ಯಾವುದೆಂದು ಮಾಮೂಲಿ ಪರೀಕ್ಷೆಗೆ ಸಿಗುವುದಿಲ್ಲ. ಡಿಎನ್‌ಎ ಪರೀಕ್ಷೆಗೆ ಸಿಗುತ್ತದೆ. "ಮೊದಲೇ ಯಾಕೆ ಮಾಡಿಸಲಿಲ್ಲ?" ಎಂದು ಅವರು ಕೇಳಿದ್ದು ಆಪಾಳ ಅಮ್ಮಿಯನ್ನು. ಅಯ್ಯೋ ಶಿವನೇ, ಕೇಳಬೇಕಾದವರನ್ನೆಲ್ಲ ಬಿಟ್ಟು! ಅಂಥದ್ದೊಂದು ಪರೀಕ್ಷೆ ಇದೆಯೆಂದು ಆ ತಾಯಿಗೆ ಯಾರಾದರೂ ಒಂದು ಮಾತು ಹೇಳಿದ್ದರೇ?

ಪರೀಕ್ಷೆಗೆ ಕೊಟ್ಟು ಬಂದರು. ಫಲಿತಾಂಶ ಬರುವ ಮೊದಲೇ ಆಪಾ ನಿತ್ರಾಣಳಾದಳು. ತುಮಕೂರಿನಲ್ಲಿ ಅಮ್ಮಿ ವಿಷಯ ಹೇಳಿ, ಹೊಂದದ ರಕ್ತ ಬೇಡ ಎನ್ನಲು ಹೋದರೆ, "ನಿಮ್ಗಿಂತ ನಮ್ಗೆ ಗೊತ್ತಮ್ಮ, ಆಚೆ ಕೂತ್ಕೊಳಿ," ಎಂದು ಇದ್ದ ರಕ್ತವನ್ನೇ ಏರಿಸಿದರು... ಆಪಾ ಮನೆಗೆ ಬರಲಿಲ್ಲ.

ಹಾಗೆ ಅಂದವರೆಲ್ಲ ಇವತ್ತಿಗೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಿರಬೇಕು. ನಾನು ಶಿರಾಕ್ಕೆ ಹೋದಾಗಲೆಲ್ಲ ಅಮ್ಮಿ ಕೈ ಹಿಡಿದು ಕೂರಿಸಿಕೊಳ್ಳುತ್ತಾರೆ.

"ನೀನು ಓದ್ದೋಳು, ಹೇಳಮ್ಮ. ನಾನು ಇನ್ನೂ ಜೋರಾಗಿ ಬ್ಯಾಡ ಅಂದಿದ್ರೆ ನಿಲ್ಲಿಸ್ತಿದ್ರಾ?"

"ನಿಮ್ದೇನೂ ತಪ್ಪಿಲ್ಲ ಅಮ್ಮಿ," ಅನ್ನುತ್ತೇನೆ.

ತಲೆಯಾಡಿಸುತ್ತಾರೆ. ಮುಂದಿನ ಸಲ ಹೋದಾಗ ಮತ್ತೆ ಅದನ್ನೇ ಕೇಳುತ್ತಾರೆ.