ಹನ್ನೆರಡನೆಯ ಕೋಟು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ಊರುಗಳ ಸುತ್ತ ಒಂದು ಕಾಲಕ್ಕೆ ನಮ್ಮ ಬ್ಯಾಂಡು ಇಲ್ಲದೆ ದೊಡ್ಡ ಮನೆಯ ಮದುವೆಯೇ ಆಗುತ್ತಿರಲಿಲ್ಲ ಎಂದು ಹೇಳುವವರು ಈಗಲೂ ಇದ್ದಾರೆ. ಅದು ಪೂರ್ತಿ ನಿಜವಲ್ಲ. ಎಷ್ಟೋ ಮದುವೆಗಳು ಹಲಗೆ ಶಹನಾಯಿಯಲ್ಲಿ ಚೆನ್ನಾಗಿಯೇ ಆದವು. ಆದರೂ ಹೇಳುವವರ ಬಾಯಿ ನಾನು ಮುಚ್ಚುವುದಿಲ್ಲ. ಆ ಮಾತನ್ನು ಊರೂರಿಗೆ ಹಬ್ಬಿಸಿದವನು ನಾನೇ. ಮೂವತ್ತರ ದಶಕದ ನಡುವಿನಿಂದ ಸ್ವಾತಂತ್ರ್ಯ ಬರುವವರೆಗೂ ಆ ಬ್ಯಾಂಡಿನ ಸಾಲಿನಲ್ಲಿ ನಡೆದೆ. ಒಂದು ಸ್ವರವನ್ನೂ ಊದಲಿಲ್ಲ.

ನಮ್ಮ ಕಡೆಯ ಬೀಗರು ಬ್ಯಾಂಡನ್ನು ಮೊದಲು ಎಣಿಸುತ್ತಾರೆ, ಆಮೇಲೆ ಕೇಳುತ್ತಾರೆ. ಹನ್ನೆರಡು ಜನರ ಸೆಟ್ಟು ಎಂದರೆ ಹನ್ನೆರಡು ಕೋಟು ಕಾಣಬೇಕು. ಜನರಿಗೆ ಜ್ವರ ಬರುತ್ತದೆ, ಹೆಂಡತಿಗೆ ಹೆರಿಗೆಯಾಗುತ್ತದೆ, ಕೋಟಿಗೆ ಇವೇನೂ ಇಲ್ಲ. ಒಬ್ಬ ಕಡಿಮೆ ಬಿದ್ದ ದಿನ ಯಾರಾದರೊಬ್ಬನಿಗೆ ಕೋಟು ತೊಡಿಸಿ, ಕೈಗೊಂದು ಹಳೆಯ ಕಹಳೆ ಕೊಟ್ಟು ಸಾಲಿನಲ್ಲಿ ನಿಲ್ಲಿಸುವುದು ಎಲ್ಲ ಬ್ಯಾಂಡುಗಳಲ್ಲೂ ಇದ್ದದ್ದೇ. ಬಾಯಿಗೆ ಹಿಡಿಯುತ್ತಾನೆ, ಊದುವುದಿಲ್ಲ. ನಾವು ಅವನಿಗೆ ಗೊಂಬೆ ಎನ್ನುತ್ತಿದ್ದೆವು.

ನಾನು ಆಗ ಹಾನಗಲ್ಲ ಸಂತೆಯಲ್ಲಿ ಹಗ್ಗ ಮಾರುತ್ತಿದ್ದೆ. ಮದುವೆಯಾಗಿತ್ತು, ಒಂದು ಕೂಸೂ ಇತ್ತು. ಸವಣೂರಿನ ಉಸ್ತಾದರು ಆ ಬ್ಯಾಂಡು ಕಟ್ಟಿದವರು. ಮೂರು ಗುಂಡಿಯ ಹಿತ್ತಾಳೆಯ ಕಾರ್ನೆಟ್ಟನ್ನು ಅವರು ಬಾಯಿಗಿಟ್ಟರೆ ಎತ್ತುಗಳು ಕಿವಿ ನಿಮಿರಿಸುತ್ತಿದ್ದವು. ಒಬ್ಬ ಕಡಿಮೆ ಬಿದ್ದನೆಂದು ಸಂತೆಯಲ್ಲಿ ಸುತ್ತುತ್ತಿದ್ದವರು ನನ್ನ ಮುಂದೆ ನಿಂತು ಹಗ್ಗ ನೋಡಲಿಲ್ಲ, ನನ್ನ ಗಲ್ಲ ನೋಡಿದರು. ಗಲ್ಲ ದುಂಡಗಿದ್ದವು. ಈ ಗಲ್ಲಕ್ಕೆ ಊದುವ ಕೆಲಸವೇ ಬೇಕಿಲ್ಲ, ಊದಿದ ಹಾಗೇ ಇವೆ ಎಂದು ನಕ್ಕು ಕರೆದುಕೊಂಡು ಹೋದರು.

ಗೊಂಬೆಯ ಕೆಲಸ ಸುಲಭವೆಂದು ತಿಳಿಯಬೇಡಿ. ಉಳಿದವರು ಉಸಿರು ಎಳೆದುಕೊಂಡಾಗ ಗಲ್ಲ ಇಳಿಸಬೇಕು, ಬಿಟ್ಟಾಗ ಉಬ್ಬಿಸಬೇಕು. ಕಣ್ಣು ಆಡಿಸಬಾರದು. ಊದುವವನ ಕಣ್ಣು ಎಲ್ಲೂ ನೋಡುತ್ತಿರುವುದಿಲ್ಲ. ಹೆಣ್ಣುಮಕ್ಕಳ ಗುಂಪಿನ ಕಡೆ ಒಮ್ಮೆ ಹೊರಳಿದರೆ ಕೆಲಸ ಕೆಟ್ಟಿತು. ಇದನ್ನೆಲ್ಲ ಉಸ್ತಾದರು ನನಗೆ ಹೇಳಿಕೊಟ್ಟರು. ಊದುವುದನ್ನೂ ಕಲಿಸಲು ನೋಡಿದರು. ನನ್ನ ತುಟಿಯಿಂದ ಗಾಳಿ ಬಂತು, ಸ್ವರ ಬರಲಿಲ್ಲ. ಕೆಲವು ಬಾವಿಗಳಲ್ಲಿ ಎಷ್ಟು ತೋಡಿದರೂ ನೀರಿರುವುದಿಲ್ಲ, ಬಿಡು ಎಂದರು.

ಆದರೆ ಗೊಂಬೆಗೆ ಒಂದು ಲಾಭ ಉಂಟು. ಮೆರವಣಿಗೆ ಮುಗಿದಾಗ ಉಳಿದವರಿಗೆ ಮಾತಾಡಲು ಉಸಿರಿರುವುದಿಲ್ಲ, ಅವನಿಗೆ ಪೂರ್ತಿ ಇರುತ್ತದೆ. ಮದುವೆ ಮನೆಯವರು ನಮ್ಮನ್ನು ಊಟಕ್ಕೆ ಎಲ್ಲರಿಗಿಂತ ಕೊನೆಗೆ ಕೂಡಿಸುತ್ತಿದ್ದರು, ಅದೂ ದನದ ಕೊಟ್ಟಿಗೆಯ ಪಕ್ಕಕ್ಕೆ. ನಮ್ಮಲ್ಲಿ ಮೂರು ನಾಲ್ಕು ಜಾತಿಯವರಿದ್ದೆವು, ಹಂದರದೊಳಗೆ ಯಾರೂ ಕರೆಯುತ್ತಿರಲಿಲ್ಲ. ಹುಗ್ಗಿ ತಳ ಹಿಡಿದಿರುತ್ತಿತ್ತು, ಪಲ್ಯ ತೀರಿರುತ್ತಿತ್ತು. ಒಮ್ಮೆ ನಾನೇ ಎದ್ದು ಹೋಗಿ ಮಾತಾಡಿದೆ. ಹಸಿದ ಹೊಟ್ಟೆಯಲ್ಲಿ ಊದಿದರೆ ಸ್ವರ ನಡುಗುತ್ತದೆ, ತುಂಬಿದ ಹೊಟ್ಟೆಯಲ್ಲಿ ಊದಿದರೆ ಹೊರಡುವುದೇ ಇಲ್ಲ, ಆದ್ದರಿಂದ ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವುದಕ್ಕೆ ಸಾಕಷ್ಟು ಮೊದಲು ನಮಗೆ ಉಣ್ಣಿಸಿದರೆ ನಿಮ್ಮ ಮಗಳ ಮದುವೆಗೇ ಒಳ್ಳೆಯದು ಎಂದೆ. ಉಣ್ಣಿಸಿದರು. ಮುಂದೆ ವೀಳ್ಯ ಹಿಡಿಯುವ ಕೆಲಸ ನನ್ನದಾಯಿತು. ವೀಳ್ಯ ಎಂದರೆ ಎಲೆ ಅಡಿಕೆ, ಮದುವೆ ಮನೆಯವರು ಕೊಟ್ಟದ್ದನ್ನು ಕೈಯಲ್ಲಿ ಹಿಡಿದರೆ ಮಾತು ಕೊಟ್ಟ ಹಾಗೆ, ಏನೇ ಆದರೂ ಹೋಗಲೇಬೇಕು.

ವ್ಯವಹಾರ ಮಾಡುವ ಹುಡುಗರು ಕೇಳಿದರೆ ಹೇಳುತ್ತೇನೆ: ಹುಡುಗಿಯ ಅಪ್ಪನ ಜೊತೆ ಚೌಕಾಶಿ ಮಾಡಬೇಡಿ. ಅವನು ಆಗಲೇ ಎಲ್ಲರಿಗೂ ಬಗ್ಗಿ ಬಗ್ಗಿ ಸೊಂಟ ಮುರಿದುಕೊಂಡಿರುತ್ತಾನೆ. ಸೋದರಮಾವನ ಜೊತೆ ಮಾಡಿ. ಅವನಿಗೆ ಖರ್ಚಿಲ್ಲ, ಮರ್ಯಾದೆ ಬೇಕು. ನಿಂತು ಮಾತಾಡಬೇಡಿ, ಕೂತು ಮಾತಾಡಿ. ನೀರು ಕೊಟ್ಟರೆ ಕುಡಿಯಿರಿ. ಇಷ್ಟನ್ನು ಕಲಿಯಲು ನನಗೆ ಬಹಳ ಬಿಸಿಲು ಬೇಕಾಯಿತು.

ಯುದ್ಧದ ವರ್ಷಗಳಲ್ಲಿ ಬಟ್ಟೆ ಸಿಗಲಿಲ್ಲ. ಕೋಟುಗಳ ಮೊಳಕೈ ಹರಿದು ಒಳಗಿನ ಅಂಗಿ ಕಾಣತೊಡಗಿತ್ತು. ಹುಬ್ಬಳ್ಳಿಯಲ್ಲಿ ಸಿಪಾಯಿಗಳ ಹಳೆಯ ಖಾಕಿ ಕೋಟುಗಳನ್ನು ಹುಡುಕಿ ತಂದೆ, ಜಾಣತನವೆಂದೇ ಭಾವಿಸಿದ್ದೆ. ಅದನ್ನು ತೊಟ್ಟು ಗೊಟಗೋಡಿಯ ಆಚೆ ಒಂದು ಹಳ್ಳಿಗೆ ಹೋದಾಗ ಊರಲ್ಲಿ ಗಂಡಸರೇ ಇರಲಿಲ್ಲ. ಚಳವಳಿಯ ಕಾಲ. ಪೊಲೀಸರು ಬಂದರೆಂದು ಎಲ್ಲರೂ ಬಣವೆಗಳ ಹಿಂದೆ ಅಡಗಿದ್ದರು, ಮದುಮಗನ ಅಪ್ಪನೂ ಸೇರಿ. ಉಸ್ತಾದರು ಬಂಡಿಯ ಮೇಲೆ ನಿಂತು ಒಂದು ನಾಟಕದ ಪದ ಊದಿದರು. ಒಬ್ಬೊಬ್ಬರೇ ತಲೆಯ ಮೇಲಿನ ಹುಲ್ಲು ಕೊಡವಿಕೊಳ್ಳುತ್ತ ಹೊರಗೆ ಬಂದರು. ಮರುವಾರವೇ ಕೋಟುಗಳಿಗೆ ಕಪ್ಪು ಬಣ್ಣ ಹಾಕಿಸಿದೆ. ಮಳೆ ಬಂದರೆ ಕುತ್ತಿಗೆಯೂ ಕಪ್ಪಾಗುತ್ತಿತ್ತು.

ಯುದ್ಧ ಮುಗಿದ ಮೇಲೆ ಉಸ್ತಾದರ ಮುಂದಿನ ಹಲ್ಲುಗಳು ಅಲುಗಾಡತೊಡಗಿದವು.

ಕಾರ್ನೆಟ್ಟು ಊದುವವನು ತುಟಿಯಿಂದ ಊದುತ್ತಾನೆ ಎಂದು ನೋಡುವವರಿಗೆ ಅನಿಸುತ್ತದೆ. ತುಟಿಯ ಹಿಂದೆ ಹಲ್ಲು ಗೋಡೆಯ ಹಾಗೆ ನಿಲ್ಲದಿದ್ದರೆ ತುಟಿ ಏನೂ ಮಾಡಲಾರದು. ಉಸ್ತಾದರು ಲವಂಗದೆಣ್ಣೆ ಹಚ್ಚಿದರು, ಜಾಲಿಯ ತೊಗಟೆಯ ಕಷಾಯ ಮುಕ್ಕಳಿಸಿದರು, ಗಟ್ಟಿ ರೊಟ್ಟಿ ಬಿಟ್ಟು ಅನ್ನ ಉಣ್ಣತೊಡಗಿದರು. ಹತ್ತಿಮತ್ತೂರಿನ ಒಂದು ಮದುವೆಯಲ್ಲಿ ಸರಿಯಾಗಿ ಅಕ್ಕಿಕಾಳು ಬೀಳುವ ಹೊತ್ತಿಗೆ ಅವರ ಸ್ವರ ಒಡೆದು ಬರೀ ಗಾಳಿಯಾಯಿತು. ಉಸ್ತಾದರ ಕಾರ್ನೆಟ್ಟಿಗೆ ನೆಗಡಿ ಆಗೈತಿ ಎಂದು ಯಾರೋ ಅಂದರು, ಹಂದರವೆಲ್ಲ ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ಅವರ ಅಳಿಯ, ತಂಗಿಯ ಮಗ, ಎರಡನೆಯ ಕಾರ್ನೆಟ್ಟಿನವನು, ಅದೇ ಸ್ವರವನ್ನು ಹಿಡಿದು ಮುಂದೆ ಒಯ್ದ. ಅವನು ಒಯ್ದದ್ದು ಉಸ್ತಾದರಿಗೆ ಹಿತವೂ ಆಯಿತು, ನೋವೂ ಆಯಿತು. ಆ ಸುಗ್ಗಿಯಲ್ಲೇ ಮುಂದಿನ ಎರಡು ಹಲ್ಲು ಬಿದ್ದವು.

ಅಷ್ಟರಲ್ಲಿ ಅಬಲೂರ ಕಡೆಯ ಒಬ್ಬ ಗೌಡರು ಮಗಳ ಮದುವೆಗೆ ವೀಳ್ಯ ಕೊಟ್ಟಾಗಿತ್ತು. ನನ್ನ ಕೈಗೆ ಕೊಟ್ಟಿರಲಿಲ್ಲ. ಅವರ ಸ್ವಂತ ಮದುವೆಯಲ್ಲಿ ಉಸ್ತಾದರೇ ಊದಿದ್ದರು, ಆದ್ದರಿಂದ ಸವಣೂರಿಗೇ ಬಂದು ಅವರ ಕೈಯಲ್ಲಿಟ್ಟು, ಮುಂದೆ ನೀವೇ ಇರಬೇಕು ಎಂದು ಹೇಳಿ ಹೋಗಿದ್ದರು. ಉಸ್ತಾದರಿಲ್ಲದೆ ಹೋದರೆ ಆ ಕಡೆಯ ಬಾಗಿಲು ನಮಗೆ ಮುಚ್ಚುತ್ತದೆ, ಅವರನ್ನು ಕರೆದುಕೊಂಡು ಹೋದರೆ ಊದುವವರು ಯಾರು? ನಾನು ಸವಣೂರಿಗೆ ಹೋದೆ. ಅವರು ಕಟ್ಟೆಯ ಮೇಲೆ ಕೂತು ವೀಳ್ಯದೆಲೆಯ ನಾರು ತೆಗೆಯುತ್ತಿದ್ದರು. ಅಗಿಯಲಾರದ ಎಲೆಯನ್ನು ಯಾಕೆ ಹದ ಮಾಡುತ್ತಾರೆ ಎಂದು ಕೇಳುವ ಬದಲು ನಾನು ಬಂದ ವಿಷಯವನ್ನೇ ತೆಗೆದೆ.

"ಉಸ್ತಾದ್ರ, ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಕೋಟು ಹಾಕ್ಕೊಂಡು ಮುಂದ ನಿಂದರ್ರಿ. ಕಾರ್ನೆಟ್ ಬಾಯಿಗೆ ಹಿಡೀರಿ. ಹಿಂದಿಂದ ನಿಮ್ಮ ಅಳಿಯ ಊದ್ತಾನ."

"ಅಂದ್ರ ಗೊಂಬಿ."

"ಇಷ್ಟು ವರ್ಷ ನಾ ಆಗಿಲ್ಲೇನ್ರಿ? ನನಗೇನು ಕಡಿಮಿ ಆಗೈತಿ?"

"ನಿನಗ ಊದಾಕ ಬರಂಗಿಲ್ಲ. ಊದದ ನಿಂತ್ರ ನಿನ್ನದೇನು ಹೋಗತೈತಿ, ಸಾವ್ಕಾರ?"

ಸಾಹುಕಾರ ಎಂದು ಅವರು ನನ್ನನ್ನು ಕರೆಯುತ್ತಿದ್ದದ್ದು ಹಗ್ಗ ಮಾರುತ್ತಿದ್ದ ದಿನಗಳ ಚೇಷ್ಟೆ. ಅಂದು ಅದರಲ್ಲಿ ಚೇಷ್ಟೆ ಇರಲಿಲ್ಲ. ನಾನು ಇನ್ನೂ ನಾಲ್ಕು ಮಾತು ಆಡಿದೆ. ಗೌಡರ ಮನಸ್ಸು, ಅಳಿಯನ ಮುಂದಿನ ದಾರಿ, ಹತ್ತು ಮನೆಗಳ ಅನ್ನ, ಎಲ್ಲವನ್ನೂ ತಂದೆ. ಅವರು ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ತಾವಾಗಿಯೇ, ವೀಳ್ಯವನ್ನು ನಾನೇ ಕೈಯಾರೆ ಹಿಡಿದಿದ್ದೇನೆ, ಬರುತ್ತೇನೆ ಎಂದರು.

ಅಬಲೂರ ಹಾದಿಯಲ್ಲಿ ಬೀಗರನ್ನು ಎದುರುಗೊಂಡಾಗ ಬಿಸಿಲು ಏರಿತ್ತು. ಉಸ್ತಾದರು ಮುಂದೆ, ಅವರ ಪಕ್ಕದಲ್ಲಿ ನಾನು, ಅಳಿಯ ನಮ್ಮ ಬೆನ್ನ ಹಿಂದೆ. ಪದ ಶುರುವಾಯಿತು. ಉಸ್ತಾದರ ಬೆರಳುಗಳು ಗುಂಡಿಗಳ ಮೇಲೆ ಒಂದೂ ತಪ್ಪದೆ ಓಡುತ್ತಿದ್ದವು, ಆದರೆ ಮುಖ ಸತ್ತಿತ್ತು. ಗಲ್ಲ ಒಳಗೆ ಬಿದ್ದಿದ್ದವು. ನೋಡಿದ ಯಾರಿಗಾದರೂ ತಿಳಿಯುವ ಹಾಗಿತ್ತು. ಗೊಂಬೆಯಾಗಲು ಅವರಿಗೆ ಬರಲಿಲ್ಲ. ನಾನು ಕಹಳೆಯ ಮರೆಯಲ್ಲಿ ಹೇಳಿದೆ: "ಗಲ್ಲ ಉಬ್ಬಸ್ರಿ. ನನ್ನ ನೋಡಿ ಮಾಡ್ರಿ."

ಅವರು ನನ್ನ ಕಡೆ ನೋಡಿದರು. ಆಮೇಲೆ ನೋಡಿ ಮಾಡಿದರು. ಊರ ಅಗಸೆ ಬಾಗಿಲಿಂದ ಹಂದರದವರೆಗೂ ನಾನು ಇಳಿಸಿದಾಗ ಇಳಿಸಿದರು, ಉಬ್ಬಿಸಿದಾಗ ಉಬ್ಬಿಸಿದರು. ನನಗೆ ಕಲಿಸಿದವರಿಗೆ ನಾನು ಕಲಿಸಬೇಕಾದ ಹಾದಿ ಅಷ್ಟು ಉದ್ದವಿರಬಾರದಿತ್ತು.

ಅಕ್ಕಿಕಾಳು ಬಿತ್ತು. ಹಿಂದಿನಿಂದ ಅಳಿಯ ಊದಿದ್ದು ಎಷ್ಟು ಚೆನ್ನಾಗಿತ್ತೆಂದರೆ ಹೆಣ್ಣುಮಕ್ಕಳು ಮಾತು ನಿಲ್ಲಿಸಿದರು. ಗೌಡರು ಜನರನ್ನು ಸರಿಸಿಕೊಂಡು ಬಂದರು. ಕಣ್ಣಲ್ಲಿ ನೀರಿತ್ತು. "ನನ್ನ ಲಗ್ನದಾಗ ಊದಿದಂಗ ಊದಿದ್ರಿ, ಉಸ್ತಾದ್ರ. ಒಂದು ಎಳಿ ಕಡಿಮಿ ಆಗಿಲ್ಲ" ಎಂದು ಜರಿಯಂಚಿನ ರುಮಾಲನ್ನು ಅವರ ತಲೆಗೆ ಸುತ್ತಿಸಿದರು.

ಇಲ್ಲಿಗೆ ಎಲ್ಲ ಮುಗಿದಿತ್ತು. ಇನ್ನು ಮದುವೆಯ ಊಟ ಮಾಡಿ ಬಂಡಿ ಹತ್ತುವುದಷ್ಟೇ. ಉಸ್ತಾದರು ರುಮಾಲು ತೆಗೆದು, ಹಿಂದೆ ತಿರುಗಿ ಅಳಿಯನ ತಲೆಗೆ ಇಟ್ಟರು.

"ಊದಿದವ ಇವ್ರಿ, ಗೌಡ್ರ. ನಾ ಬರೇ ನಡದೆ. ನನ್ನ ಹಲ್ಲು ಹೋಗ್ಯಾವ."

ಗೌಡರಿಗಿಂತ ಮೊದಲು ಬಾಯಿ ಬಿಟ್ಟವನು ಹುಡುಗಿಯ ಸೋದರಮಾವ. ಹಾಗಾದರೆ ಇನ್ನೆಷ್ಟು ಜನ ಬರೀ ನಡೆದಿದ್ದಾರೆ ನೋಡಿಯೇ ಬಿಡೋಣ ಎಂದು ನಮ್ಮನ್ನು ಸಾಲಾಗಿ ನಿಲ್ಲಿಸಿ, ಊದುವವರೆಲ್ಲ ಒಬ್ಬೊಬ್ಬರಾಗಿ ಊದಿ ತೋರಿಸಿರಿ ಎಂದ. ಅಪ್ಪನನ್ನು ಬಿಟ್ಟು ಸೋದರಮಾವನನ್ನು ಹಿಡಿಯಿರಿ ಎಂದು ಮೇಲೆ ಬರೆದಿದ್ದೇನೆ. ಆ ಉಪದೇಶದ ಇನ್ನೊಂದು ಮಗ್ಗುಲು ಇದು. ಒಬ್ಬೊಬ್ಬರೂ ಊದಿದರು. ಉಸ್ತಾದರನ್ನು ಮಾತ್ರ ಊದಿರಿ ಎಂದು ಯಾರೂ ಕೇಳಲಿಲ್ಲ. ನನ್ನ ಸರದಿ ಬಂತು. ಕೆಮ್ಮು ಎನ್ನಲೇ, ತುಟಿ ಒಡೆದಿದೆ ಎನ್ನಲೇ ಎಂದು ಯೋಚಿಸುತ್ತಲೇ ಕಹಳೆ ಬಾಯಿಗಿಟ್ಟೆ. ಕುಲುಮೆಯ ತಿದಿಯ ಸದ್ದು ಬಂತು.

ಸೋದರಮಾವ ನನ್ನ ಕೋಟಿನ ಕಾಲರಿಗೆ ಕೈ ಹಾಕಿದ. ಇವನೇ ಅಲ್ಲವೇ ಅಕ್ಕಿಕಾಳಿಗೆ ಮೊದಲೇ ಒಮ್ಮೆ ಉಣ್ಣಿಸಿರಿ ಎಂದು ಬೆಳಿಗ್ಗೆ ಕರಾರು ಹಾಕಿದವನು ಎಂದ. ಮದುವೆಯ ಊಟಕ್ಕೆ ಇವರಿಗೆ ಎಲೆ ಹಾಕುವುದು ಬೇಡ, ಬ್ಯಾಂಡಿನವರು ಎದ್ದು ಹೋಗಲಿ ಎಂದ. ನಾಲ್ಕು ಊರ ಬೀಗರು ಸುತ್ತ ನಿಂತಿದ್ದರು. ಆ ಮಾತು ನಿಂತರೆ ನಾವು ಆ ಹಾದಿಯಲ್ಲಿ ಮತ್ತೆ ಬಂಡಿ ಹೂಡುವ ಹಾಗಿರಲಿಲ್ಲ. ಅಂಥ ಹೊತ್ತಿಗೆಂದೇ ನನ್ನನ್ನು ಇಟ್ಟುಕೊಂಡಿದ್ದರು, ಅಂಥ ಹೊತ್ತಿಗೇ ನನಗೆ ಮಾತು ಬರಲಿಲ್ಲ.

ಮಾತಾಡಿದವರು ಉಸ್ತಾದರು.

"ಅವನ್ನ ಬಿಡ್ರಿ, ಮಾವನವರ. ಅವಂದು ಊದೋದೆಲ್ಲಾ ವೀಳ್ಯ ಹಿಡಿಯೋವಾಗ ಮುಗದಿರತೈತಿ. ಲಗ್ನದ ದಿನಕ್ಕ ಏನೂ ಉಳದಿರಂಗಿಲ್ಲ."

ಮೊದಲು ಒಬ್ಬ ಮುದುಕ ನಕ್ಕ. ಆಮೇಲೆ ಗೌಡರು. ಗೌಡರು ನಕ್ಕ ಮೇಲೆ ಸೋದರಮಾವನೂ ನಗಬೇಕಾಯಿತು, ನನ್ನ ಕಾಲರು ಬಿಟ್ಟ. ಹನ್ನೆರಡೂ ಜನಕ್ಕೆ ಎಲೆ ಹಾಕಿರಿ ಎಂದು ಗೌಡರು ಒಳಗೆ ಕೂಗಿ ಹೇಳಿದರು. ಹುಗ್ಗಿ ಬಿಸಿಯಾಗಿಯೇ ಬಂತು. ಉಸ್ತಾದರು ಎರಡು ತುತ್ತು ಉಂಡು ಕೈ ತೊಳೆದರು.

ಮರುದಿನ ಬೆಳಿಗ್ಗೆ ಬಂಡಿ ಹಾನಗಲ್ಲ ಸೇರುವವರೆಗೂ ನಾನು ಅವರ ಜೊತೆ ಚೌಕಾಶಿ ಮಾಡಿದೆ. ಕೋಟು ಬೇಡ, ಸಾಲಿನಲ್ಲಿ ನಿಲ್ಲುವುದೂ ಬೇಡ, ಬಂಡಿಯಲ್ಲಿ ಕೂತು ಬನ್ನಿರಿ, ತಪ್ಪಿದ್ದನ್ನು ತಿದ್ದಿರಿ ಸಾಕು ಎಂದೆ. ಅವರು ರಸ್ತೆಯ ಎರಡೂ ಬದಿಯ ಹೊಲ ನೋಡುತ್ತ ಕೂತಿದ್ದರು.

"ಆ ಗೌಡ ಸುಳ್ಳು ಹೇಳಲಿಲ್ಲ" ಎಂದರು ಒಮ್ಮೆ. "ಅವನ ಕಿವಿಗೆ ನಾನ ಊದಿದಂಗ ಕೇಳಿಸೈತಿ. ಇಷ್ಟು ವರ್ಷ ಮಂದಿ ಏನು ಕೇಳ್ಯಾರೋ, ನನ್ನ ಪದಾನೋ, ನನ್ನ ಕೋಟೋ."

ಪದವನ್ನೇ ಕೇಳಿದರು ಎಂದು ಹೇಳಬೇಕಾಗಿತ್ತು. ಮೊದಲು ಎಣಿಸಿ ಆಮೇಲೆ ಕೇಳುವ ಜನರೊಂದಿಗೆ ಅಷ್ಟು ವರ್ಷ ಕಳೆದವನಿಗೆ ಆ ಸುಳ್ಳು ಬಾಯಿಗೆ ಬರಲಿಲ್ಲ. ಎಲ್ಲರನ್ನೂ ಒಪ್ಪಿಸಿದವನಿಗೆ ದಣಿವು ಎಂದರೇನು ಎಂದು ಗೊತ್ತಾದದ್ದು ಆ ಬಂಡಿಯಲ್ಲಿ.

ಹಾನಗಲ್ಲಿನಲ್ಲಿ ಶಿಗ್ಗಾಂವಿ ಮೇಲೆ ಸವಣೂರಿಗೆ ಹೋಗುವ ಮೋಟಾರು ನಿಂತಿತ್ತು. ಉಸ್ತಾದರು ಕಪ್ಪು ಕೋಟನ್ನು ಬಿಚ್ಚಿ, ಮಡಿಸಿ, ನನ್ನ ಕೈಗೆ ಕೊಟ್ಟರು. ಕಾರ್ನೆಟ್ಟನ್ನು ಕೊಡಲಿಲ್ಲ, ಅದು ಅವರದೇ. ಅಳಿಯನೂ ಇಳಿಯಲು ಹೊರಟ. ನಾಳೆ ಬಿಟ್ಟು ನಾಡಿದ್ದು ಇನ್ನೊಂದು ಮದುವೆಗೆ ನಾನು ವೀಳ್ಯ ಹಿಡಿದಿದ್ದೆ. ಅದನ್ನು ನಾನು ಹೇಳುವ ಮೊದಲೇ ಉಸ್ತಾದರು ಅವನ ಭುಜ ಒತ್ತಿ ಬಂಡಿಯಲ್ಲೇ ಕೂಡಿಸಿದರು. ಉಸ್ತಾದರು ಹತ್ತಿದ ಮೋಟಾರು ಹೋದ ಮೇಲೂ ಧೂಳು ಬಹಳ ಹೊತ್ತು ಇಳಿಯಲಿಲ್ಲ.

"ನಾಡಿದ್ದಿನ ಲಗ್ನದಾಗ ಮುಂದ ಯಾರು ನಿಂದರಬೇಕ್ರಿ?" ಎಂದು ಅಳಿಯ ಕೇಳಿದ.

"ನೀನ" ಎಂದೆ.

ರುಮಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದವನು ಹೆಬ್ಬೆರಳನ್ನು ಬಾಯೊಳಗೆ ಹಾಕಿ ತನ್ನ ಮುಂದಿನ ಹಲ್ಲುಗಳನ್ನು ಒಂದೊಂದಾಗಿ ಒತ್ತಿ ನೋಡಿಕೊಂಡ.