ಮುನಿಲಕ್ಷ್ಮಮ್ಮನ ಮಿಲ್ಟ್ರಿ ಹೋಟ್ಲು

ಮುನಿಲಕ್ಷ್ಮಮ್ಮನ ಬಾಯಿಗೆ ಹೆದರದವರು ಬೈರಸಂದ್ರದಲ್ಲಿ ಯಾರೂ ಇರಲಿಲ್ಲ. ಜಯನಗರದಲ್ಲಿ ಇದ್ದರು, ಏಕೆಂದರೆ ಅವರು ಹೊಸಬರು. ಅವಳ ರಾಗಿ ಹೊಲ, ಅವರೆ ಹೊಲ ಎಲ್ಲವೂ ಬಡಾವಣೆಗೆ ಹೋಗಿ, ಅಲ್ಲಿ ನೇರವಾದ ರಸ್ತೆಗಳು ಬಂದು, ರಸ್ತೆಯ ಪಕ್ಕ ಕಾಂಪೌಂಡು ಕಟ್ಟಿಕೊಂಡ ಮನೆಗಳು ಎದ್ದಿದ್ದವು. ಗಂಡ ಆ ಹೊಲಗಳ ಕೊರಗಿನಲ್ಲೇ ತೀರಿಕೊಂಡ ಎಂದು ಊರವರು ಹೇಳುತ್ತಿದ್ದರು. ಅವಳು ಹಾಗೆ ಹೇಳುತ್ತಿರಲಿಲ್ಲ. ಕುಡಿದು ಸತ್ತ ಎನ್ನುತ್ತಿದ್ದಳು. ಅವಳಿಗೆ ಉಳಿದದ್ದು ಹಳೇ ಮನೆ, ಅದರ ಮುಂದಿನ ಉದ್ದನೆಯ ಕೊಟ್ಟಿಗೆ, ಬಾಗಿಲ ಬಳಿ ಒಂದು ಬೇವಿನ ಮರ. ಹೊಲವಿಲ್ಲದ ಮೇಲೆ ದನ ಎಲ್ಲಿಂದ ಬರಬೇಕು? ಕೊಟ್ಟಿಗೆ ಖಾಲಿ ಬಿದ್ದಿತ್ತು.

ಸುತ್ತ ಮನೆ ಕಟ್ಟುವ ಕಲ್ಲುಕುಟಿಗರು, ಗಾರೆಯವರು, ಗಾಡಿ ಹೊಡೆಯುವವರು ಮಧ್ಯಾಹ್ನ ಒಣಮುದ್ದೆ ಮುರಿದುಕೊಂಡು ಕೂರುವುದನ್ನು ಅವಳು ದಿನವೂ ನೋಡುತ್ತಿದ್ದಳು. ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಮನಸ್ಸು ಗಟ್ಟಿ ಮಾಡಿದಳು. ಕೊಟ್ಟಿಗೆಯನ್ನು ಹೋಟೆಲು ಮಾಡುವುದು, ಬಿಸಿ ಮುದ್ದೆ, ತಲೆಮಾಂಸದ ಸಾರು, ಬೋಟಿ ಗೊಜ್ಜು ಹಾಕುವುದು. ಇದು ನಡೆದರೆ ಮನೆ ಉಳಿಯುತ್ತದೆ, ಇಲ್ಲದಿದ್ದರೆ ಅದನ್ನೂ ಯಾರಿಗೋ ಕೊಟ್ಟು ತಮ್ಮನ ಮನೆಯ ಮೂಲೆಯಲ್ಲಿ ಬಿದ್ದುಕೊಳ್ಳಬೇಕು. ತಮ್ಮನ ಹೆಂಡತಿಗೂ ಅವಳಿಗೂ ಮಾತೇ ಇರಲಿಲ್ಲ.

ತಮ್ಮ ಬೈರಣ್ಣ ಗಾರೆ ಕೆಲಸದವನು. ಅಕ್ಕನ ಬೈಗುಳ ತಿನ್ನುತ್ತಲೇ ಕೊಟ್ಟಿಗೆಯ ಗೋಡೆ ಒಡೆದು ಬಾಗಿಲು ಅಗಲ ಮಾಡಿದ. ಗಂಜಲ ಕುಡಿದು ಕಪ್ಪಾಗಿದ್ದ ನೆಲ ಅಗೆದು ಕೆಂಪು ಗಾರೆ ಹಾಕಿದ. ದನಗಳಿಗೆ ಮೇವು ಹಾಕುತ್ತಿದ್ದ ಗೋದಲಿಯನ್ನು ಗಿರಾಕಿಗಳು ಕೈ ತೊಳೆಯುವ ತೊಟ್ಟಿ ಮಾಡಿದ. ಗೋಡೆಗೆ ಎದೆಯ ಮಟ್ಟದವರೆಗೆ ಹಸಿರು ಎಣ್ಣೆಬಣ್ಣ, ಅಲ್ಲಿಂದ ಮೇಲೆ ಸುಣ್ಣ. ಮೇಜುಗಳಿಗೆ ಕಡಪಾ ಕಲ್ಲು.

ಹಸಿರು ಬಣ್ಣ ಬಳಿಯುತ್ತಿದ್ದಾಗ ಎದುರು ಮನೆಯ ಅನಂತಪದ್ಮನಾಭ ರಾಯರು ಬಂದರು. ಸರ್ಕಾರಿ ಕಚೇರಿಯಿಂದ ನಿವೃತ್ತರಾಗಿದ್ದರೂ ಕಚೇರಿ ಅವರಿಂದ ನಿವೃತ್ತವಾಗಿರಲಿಲ್ಲ.

"ಏನಮ್ಮಾ, ಕೊಟ್ಟಿಗೆಗೆ ಬಣ್ಣ ಹೊಡೆಸ್ತಾ ಇದೀಯ?"

"ಹೋಟ್ಲು ಸಾಮಿ."

"ಸಂತೋಷ. ಕಾಫಿ ತಿಂಡೀದಾ?"

"ಮಿಲ್ಟ್ರಿ."

ಮಿಲ್ಟ್ರಿ ಹೋಟೆಲೆಂದರೆ ಸಿಪಾಯಿಗಳದ್ದಲ್ಲ, ಮಾಂಸದ್ದು ಎಂದು ಬೆಂಗಳೂರಿನ ಎಳೆಮಗುವಿಗೂ ಗೊತ್ತು. ರಾಯರು ಉತ್ತರೀಯವನ್ನು ಮೂಗಿಗೆ ಒತ್ತಿಕೊಂಡರು.

"ಒಲೆ ಇನ್ನೂ ಹಚ್ಚಿಲ್ಲ, ಮೂಗು ಬಿಡಿ ಸಾಮಿ," ಎಂದಳು ಮುನಿಲಕ್ಷ್ಮಮ್ಮ.

"ಇಲ್ಲಿ ಮಡಿ ಮೈಲಿಗೆ ನೋಡೋ ಸಂಸಾರಸ್ಥರು ಇದೀವಿ. ನಾವು ಬದುಕೋದು ಬೇಡ್ವಾ?"

"ನಿಮ್ ಅಡಿಗೆಮನೆ ಇರೋ ಜಾಗದಾಗೆ ನಮ್ ಮಾವ ಕುರಿ ಕೂಡಾಕ್ತಿದ್ದ. ಅದಕ್ಕೇನ್ ಮಾಡ್ತೀರಿ? ಮನೇನ ಬಿಚ್ಕಂಡು ಹೋಗ್ತೀರಾ?"

ರಾಯರ ಮುಖ ಕೆಂಪಾಯಿತು. "ಈ ಹೋಟ್ಲು ಹೇಗೆ ತೆಗೀತೀಯೋ ನಾನೂ ನೋಡ್ತೀನಿ," ಎಂದು ಹೋದರು.

ಅಂದಿನಿಂದ ಜಗಳ ಹತ್ತಿಕೊಂಡಿತು. ಬೈರಣ್ಣ ಜರಡಿ ಹಿಡಿದಿಟ್ಟ ಮರಳಿಗೆ ಯಾರೋ ಬೂದಿ ಬೆರೆಸಿದರು. ಕೆಂಪು ಗಾರೆ ಹಸಿಯಾಗಿದ್ದಾಗ ಅದರ ಮೇಲೆ ಬೂಟುಗಾಲಲ್ಲಿ ಓಡಾಡಿದರು. ಬೈರಸಂದ್ರದಲ್ಲಿ ಬೂಟು ಹಾಕುವವರು ಯಾರೂ ಇರಲಿಲ್ಲ. ಮುನಿಲಕ್ಷ್ಮಮ್ಮ ರಸ್ತೆಯಲ್ಲಿ ನಿಂತು ಎಲ್ಲ ಮನೆಗಳಿಗೂ ಕೇಳುವಂತೆ ಅವರವರ ವಂಶ ಎತ್ತಿ ಬೈದಳು, ಆಮೇಲೆ ನೆಲವನ್ನು ಮತ್ತೆ ಹಾಕಿಸಿದಳು. ಒಂದು ಕಿಟಕಿಯೂ ತೆರೆಯಲಿಲ್ಲ. ಅವಳಿಗೆ ಹೊಟ್ಟೆ ಉರಿದದ್ದು ಆ ಮುಚ್ಚಿದ ಕಿಟಕಿಗಳನ್ನು ನೋಡಿ.

ಕೆಲಸ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಬೇವಿನ ಮರದ ಕೆಳಗೆ ಹೆಂಗಸರ ಗುಂಪು. ಮರದ ಬುಡದಲ್ಲಿ ಅಡ್ಡ ಬಿದ್ದಿದ್ದ ಕಲ್ಲು ನೆಟ್ಟಗೆ ನಿಂತಿತ್ತು. ಅದರ ಮೈತುಂಬ ಅರಿಸಿನ, ಕುಂಕುಮ, ಹೂವು. ಮುಂದೆ ಹಿತ್ತಾಳೆಯ ದೀಪ. ರಾಯರು ಮಂಗಳಾರತಿ ಎತ್ತುತ್ತಿದ್ದರು. ಆಂಜನೇಯ ಸ್ವಾಮಿ ಅವರ ಕನಸಿನಲ್ಲಿ ಬಂದು, ಈ ಮರದ ಕೆಳಗೆ ಇದ್ದೇನೆ, ನನ್ನನ್ನು ಎಬ್ಬಿಸು ಎಂದನಂತೆ.

ಅದು ಮುನಿಲಕ್ಷ್ಮಮ್ಮನ ಅತ್ತೆ ಬಟ್ಟೆ ಒಗೆಯುತ್ತಿದ್ದ ಕಲ್ಲು. ಅವಳೂ ಮದುವೆಯಾಗಿ ಬಂದಂದಿನಿಂದ ಅದರ ಮೇಲೆ ಮನೆಯ ಕೊಳೆಯನ್ನೆಲ್ಲ ಕುಕ್ಕಿದ್ದಳು.

ಬಾಯಿ ತೆರೆದಳು. ಅಷ್ಟರಲ್ಲಿ ಬೈರಣ್ಣ ಅವಳ ಕೈ ಹಿಡಿದು ಒಳಗೆಳೆದ. "ಸುಮ್ಕಿರಕ್ಕ. ಕಾರ್ಪೊರೇಷನ್‌ಗೆ ಕಂಪ್ಲೇಂಟ್ ಹೋಗೈತಂತೆ, ದೇವಸ್ಥಾನದ ಪಕ್ಕ ಮಾಂಸದ ಹೋಟ್ಲು ಅಂತ. ಈಗ ನೀನು ಇದು ಒಗೆಯೋ ಕಲ್ಲು ಅಂದ್ರೆ, ದೇವ್ರಿಗೇ ಬೈದ್ಲು ಅಂತಾರೆ. ಅಷ್ಟೇ ಬೇಕಿರೋದು ಅವ್ರಿಗೆ."

ಅವನು ಹೇಳಿದ್ದು ಸರಿ. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು. ಹೆಂಗಸರಲ್ಲಿ ರಾಯರ ಹೆಂಡತಿ ಸತ್ಯಭಾಮಮ್ಮ ಮಾತ್ರ ಕಣ್ಣು ಮುಚ್ಚಿ ನಿಜವಾಗಿ ಕೈಮುಗಿದು ನಿಂತಿದ್ದರು. ಮಗಳು ಪಂಕಜಾಗೆ ಒಂದು ಮಗು ಹುಟ್ಟುತ್ತಲೇ ಹೋಗಿತ್ತು, ಈಗ ಮತ್ತೆ ಏಳು ತಿಂಗಳು. ಹೆರಿಗೆಯಾಗುವವರೆಗೆ ಈ ದೀಪ ಆರದಂತೆ ನೋಡಿಕೊಳ್ಳುತ್ತೇನೆಂದು ಅವರು ಹರಸಿಕೊಂಡದ್ದು ಬೀದಿಗೆಲ್ಲ ಗೊತ್ತಾಯಿತು. ಹೊತ್ತುಹೊತ್ತಿಗೆ ಬಂದು ಎಣ್ಣೆ ಹಾಕಿ ಹೋಗುವರು. ಅವರನ್ನು ಕಂಡರೆ ಮುನಿಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡ ಕಳ್ಳ, ಹೆಂಡತಿ ಕಳ್ಳನ ಕಾವಲು ಎಂದುಕೊಂಡಳು. ಆ ಹೆಂಗಸಿಗೆ ಗಂಡ ಏನನ್ನೂ ಹೇಳಿರಲಿಲ್ಲ ಎಂಬುದು ಅವಳ ತಲೆಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಆಗ ಅವಳಿಗೆ ಅದು ಬೇಕಿರಲಿಲ್ಲ.

ಹೆಲ್ತ್ ಇನ್‌ಸ್ಪೆಕ್ಟರ್ ಸೋಮಲಿಂಗಪ್ಪ ಬಂದ ದಿನ ಬೀದಿಗೆ ಬೀದಿಯೇ ಮರದ ಕೆಳಗಿತ್ತು. ಆತ ಹೋಟೆಲಿನೊಳಗೆಲ್ಲ ನೋಡಿದ. ಹೊಗೆ ಹೋಗುವ ಗೂಡು, ಮೋರಿ, ತೊಟ್ಟಿ, ಬೀದಿಗೆ ಏನೂ ಕಾಣದಂತೆ ಬಾಗಿಲಿಗೆ ಕಟ್ಟಿದ್ದ ದಪ್ಪ ಪರದೆ. ತಪ್ಪು ಹುಡುಕಲು ಏನೂ ಸಿಗಲಿಲ್ಲ. ಹೊರಗೆ ಬಂದು ಕಲ್ಲು ನೋಡಿದ.

"ಎಲ್ಲಾ ಚೆನ್ನಾಗಿದೆ ಕಣಮ್ಮ. ಆದ್ರೆ ಪಕ್ಕದಲ್ಲೇ ದೇವರಿದೆಯಲ್ಲ? ನಾನು ಲೈಸೆನ್ಸ್‌ಗೆ ಬರೆಯೋಕಾಗಲ್ಲ."

ರಾಯರು ಕೈ ಹಿಂದೆ ಕಟ್ಟಿಕೊಂಡು ಮುಗುಳ್ನಕ್ಕರು. ಮುನಿಲಕ್ಷ್ಮಮ್ಮ ಒಳಗೆ ಹೋಗಿ, ಕಾಲು ಕಟ್ಟಿದ ಹುಂಜವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು.

"ಆಯ್ತು ಸಾಮಿ. ಹೋಟ್ಲು ಬ್ಯಾಡ. ದೇವ್ರೇ ಇರ್ಲಿ. ಆದ್ರೆ ಈ ಮರದಡಿ ಇರೋನು ನಮ್ ಮುನೇಶ್ವರ. ನನ್ ಹೆಸರಾಗೇ ಅವ್ನೆ ನೋಡಿ. ರಾಯರು ಪುಣ್ಯಾತ್ಮರು, ಎಬ್ಬಿಸಿ ಕೂರಿಸವ್ರೆ. ಎದ್ದ ದೇವ್ರಿಗೆ ಹಸಿವಾಯ್ತದೆ. ಇವತ್ತು ಹುಂಜ, ಬರೋ ವಾರ ಕುರಿ. ಇಲ್ಲೇ ಕುಯ್ದು ಇಲ್ಲೇ ಬೇಯಿಸಿ ಊರಿಗೆಲ್ಲ ಉಣ್ಣಿಸ್ತೀನಿ. ಹರಕೆಗೆ ಲೈಸೆನ್ಸ್ ಬೇಕಾ ಸಾಮಿ?"

"ಹರಕೆಗೆ ಯಾಕಮ್ಮ ಲೈಸೆನ್ಸು?" ಎಂದ ಸೋಮಲಿಂಗಪ್ಪ.

"ಯಾವ ಮುನೇಶ್ವರ?" ಎಂದು ರಾಯರು ಚೀರಿದರು. "ಇದು ಸಾಕ್ಷಾತ್ ಆಂಜನೇಯ!"

"ಬೈರಸಂದ್ರದ ಮಣ್ಣಾಗೆ ಇದ್ದ ದೇವ್ರು ಸಾಮಿ. ನಿಮ್ ಭಾಷೆ ಅವನಿಗೆ ಬರಾಕಿಲ್ಲ. ಬೈರಣ್ಣಾ, ಕತ್ತಿ ತಗಂಬಾರೋ!"

ಬೈರಣ್ಣ ಕತ್ತಿ ತಂದ. ಮುನಿಲಕ್ಷ್ಮಮ್ಮ ಹುಂಜದ ತಲೆಗೆ ನೀರು ಚಿಮುಕಿಸಿದಳು. ಹುಂಜ ಒದರಿಕೊಂಡು ತಲೆ ಕೊಡವಿತು. ಒಪ್ಪಿಗೆ ಕೊಟ್ಟಿತು ಎಂದು ಅವಳು ಕೂಗಿದಳು. ಕತ್ತಿ ದೀಪದ ಮೇಲೆ ಎದ್ದಾಗ ರಾಯರಿಗೆ ತಡೆಯಲಾಗಲಿಲ್ಲ.

"ಕಲ್ಲು ಸಾರ್! ಬರೀ ಕಲ್ಲು! ಕನಸೂ ಇಲ್ಲ, ಏನೂ ಇಲ್ಲ. ನಾವೇ ನಾಲ್ಕು ಜನ ಸೇರಿ ನಿಲ್ಲಿಸಿದ್ದು. ಮೊದಲು ಆ ಕತ್ತಿ ಇಳಿಸೋಕೆ ಹೇಳಿ!"

ಹೆಂಗಸರು ಒಬ್ಬೊಬ್ಬರಾಗಿ ಸೆರಗು ಎಳೆದುಕೊಂಡು ಮನೆ ಸೇರಿದರು. ಸೋಮಲಿಂಗಪ್ಪ ನಗು ನುಂಗಿಕೊಂಡು, ದೇವರಿಲ್ಲ ಎಂದ ಮೇಲೆ ತನ್ನ ಅಡ್ಡಿಯೂ ಇಲ್ಲವೆಂದು ಹೇಳಿ, ಬರೆಯಬೇಕಾದ್ದನ್ನು ಬರೆದು ಹೊರಟ. ರಾಯರ ಮುಖದ ನೀರಿಳಿದುಹೋಗಿತ್ತು. ಮುನಿಲಕ್ಷ್ಮಮ್ಮ ಹುಂಜವನ್ನು ಅವರ ಕಾಲ ಬಳಿ ಬಿಟ್ಟು, "ಜೀವ ಉಳಿಸಿದ್ದಕ್ಕೆ ಅದರ ಕೈಲಿ ಆಶೀರ್ವಾದ ಮಾಡಿಸ್ಕಳಿ ಸಾಮಿ," ಎಂದಳು. ಜನ್ಮದಲ್ಲಿ ಅಷ್ಟು ಸಂತೋಷ ಅವಳು ಕಂಡಿರಲಿಲ್ಲ.

ಅಂದೇ ಬೋರ್ಡು ಮೇಲೇರಿತು, ಒಲೆ ಹತ್ತಿತು. ಹಾಲು ಉಕ್ಕಿಸಿದ್ದೂ ಆಯಿತು. ದೀಪ ಹಚ್ಚುವ ಹೊತ್ತಿಗೆ ಸಾರಿನ ಘಮಲಿಗೆ ಕಲ್ಲುಕುಟಿಗರು ಪರದೆ ಸರಿಸಿಕೊಂಡು ಒಳಬರತೊಡಗಿದರು. ಮುನಿಲಕ್ಷ್ಮಮ್ಮ ಬೆವರು ಒರೆಸಿಕೊಳ್ಳಲು ಹೊರಗೆ ಬಂದರೆ ಮರದ ಕೆಳಗೆ ಸತ್ಯಭಾಮಮ್ಮ ನಿಂತಿದ್ದರು. ಕೈಯಲ್ಲಿ ಎಣ್ಣೆಯ ಗಿಂಡಿ. ಎದುರಿಗೆ ದೀಪ ಇನ್ನೂ ಉರಿಯುತ್ತಿತ್ತು. ಜಗಳಕ್ಕೇ ಬಂದಿದ್ದಾರೆಂದು ಮುನಿಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡಳು.

"ಅವರ ಮಾತು ನಾನು ನಂಬಲ್ಲ," ಎಂದರು ಸತ್ಯಭಾಮಮ್ಮ. "ಅವತ್ತೂ ಒಂದು ಹೇಳಿದ್ರು, ಇವತ್ತೂ ಒಂದು ಹೇಳಿದ್ರು. ನೀನು ಇಲ್ಲಿಯವಳು. ನೀನು ಹೇಳಮ್ಮ. ಇದು ದೇವರಾ?"

ಬೆಳಿಗ್ಗೆ ಸರಾಗವಾಗಿ ಸುಳ್ಳು ಹೇಳಿದ ನಾಲಿಗೆ ಈಗ ಹೊರಳಲಿಲ್ಲ. "ದೇವ್ರು ಅಂದ್ಕಂಡ್ರೆ ದೇವ್ರೇ ಅಮ್ಮಾವ್ರೆ," ಎಂದಳು.

"ಅಂದ್ಕೊಳೋದು ನಂಗೆ ಗೊತ್ತು. ನಾನು ಕೇಳಿದ್ದು ಅದಲ್ಲ. ದೇವರು ಅನ್ನೋದಾದ್ರೆ ಇನ್‌ಸ್ಪೆಕ್ಟರ ಮುಂದೆ ಬಂದು ಹೇಳು. ನಾನೂ ಬರ್ತೀನಿ. ನನ್ನ ಮಗಳ ಹೆಸರಲ್ಲಿ ಹಚ್ಚಿರೋ ದೀಪ ಇದು."

ಒಳಗಿನಿಂದ ಯಾರೋ ಇನ್ನೊಂದು ಮುದ್ದೆ ಕೇಳಿದರು. ಹೊಸ ಎಣ್ಣೆಬಣ್ಣದ ವಾಸನೆ, ಸಾರಿನ ವಾಸನೆ ಎರಡೂ ಸೇರಿ ಬರುತ್ತಿದ್ದವು. ಮುನಿಲಕ್ಷ್ಮಮ್ಮ ಬೋರ್ಡಿನ ಕಡೆ ನೋಡಿದಳು.

"ನಮ್ಮತ್ತೆ ಬಟ್ಟೆ ಒಗೀತಿದ್ದ ಕಲ್ಲು, ಅಮ್ಮಾವ್ರೆ."

ಸತ್ಯಭಾಮಮ್ಮ ತಲೆಯಾಡಿಸಿದರು. ದೀಪ ಆರಿತು ಎಂಬ ಮಾತನ್ನೂ ಬಾಯಲ್ಲಿ ಆಡದೆ, ದೊಡ್ಡದಾಯಿತು ಎನ್ನುವ ಮನೆಯ ಹೆಂಗಸು. ಹೂವಿನ ಎಸಳಿನಿಂದಲ್ಲದೆ ಬೇರೆ ಯಾವುದರಿಂದಲೂ ದೀಪ ಶಾಂತ ಮಾಡಿದವರಲ್ಲ. ಅವರು ಬಗ್ಗಿ, ಒಲೆಯ ಮುಂದೆ ಊದುವ ಹಾಗೆ, ಬಾಯಿಂದ ಉಫ್ ಎಂದು ಊದಿಬಿಟ್ಟರು.

"ಅಯ್ಯೋ, ಬ್ಯಾಡ್ರಮ್ಮಾ!" ಎಂದು ಮುನಿಲಕ್ಷ್ಮಮ್ಮ ಕೂಗಿದಳು.

ಸತ್ಯಭಾಮಮ್ಮ ಗಿಂಡಿ ಹಿಡಿದುಕೊಂಡೇ ರಸ್ತೆ ದಾಟಿದರು. ಮುನಿಲಕ್ಷ್ಮಮ್ಮ ಬೆಂಕಿಪೆಟ್ಟಿಗೆ ತರಲು ಒಳಗೆ ಓಡಿದಳು. ತರುವಷ್ಟರಲ್ಲಿ ಎದುರು ಮನೆಯ ಬಾಗಿಲು ಹಾಕಿಕೊಂಡಿತ್ತು.